ಬ್ಯಾಗು ಹೊತ್ತವರ ಆಟ

2021ರ ಆಗಸ್ಟ್ 7, ಶನಿವಾರ. ಶೆಟ್ಟಿಕೊಪ್ಪದ ನಮ್ಮ ಮನೆಯಲ್ಲಿ ರಾತ್ರಿಯೇ ಹೋದ ಕರೆಂಟು ಬೆಳಗಾದರೂ ಬಂದಿರಲಿಲ್ಲ. ಹೊರಗೆ ಹಂಚು ಒಡೆದುಹೋಗುವ ಹಾಗೆ ಮಳೆ. ನಮ್ಮನೆಯಲ್ಲಿ ನೆಟ್‌ವರ್ಕ್ ಸಿಗೋದು ಜಗಲಿಯ ಒಂದೇ ಮೂಲೆಯಲ್ಲಿ, ಅದೂ ಕಂಬಕ್ಕೆ ಒರಗಿ ಕೂತರೆ ಮಾತ್ರ. ಆ ಮೂಲೆಯಲ್ಲಿ ಕಂಬಳಿ ಹೊದ್ದು ಕೂತು ನಾನು ಫೋನಿನಲ್ಲಿ ಗಾಲ್ಫ್ ನೋಡ್ತಾ ಇದ್ದೆ.

ಗಾಲ್ಫಿನ ಗಂಧಗಾಳಿ ಇಲ್ಲದವಳು ನಾನು. ಬೆಂಗಳೂರಲ್ಲಿ ಮೂರು ವರ್ಷ ದೊಮ್ಮಲೂರು ಕಡೆಯ ಆಫೀಸಿಗೆ ಓಡಾಡಿದ್ದೆ. ಪಕ್ಕದಲ್ಲೇ ಗಾಲ್ಫ್ ಮೈದಾನ. ನನಗೆ ಗೊತ್ತಿದ್ದಿದ್ದು ಅದರ ಬೇಲಿ ಮತ್ತು ಬೇಲಿ ಪಕ್ಕದ ಟ್ರಾಫಿಕ್ಕು. ಆದರೆ ಆವತ್ತು ಎಲ್ಲರ ಸ್ಟೇಟಸ್ಸಿನಲ್ಲೂ ಒಂದೇ ಹೆಸರು, ಅದಿತಿ ಅಶೋಕ್. ಬೆಂಗಳೂರಿನ ಹುಡುಗಿ, ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಮೂರು ದಿನದ ಆಟ ಮುಗಿಸಿ ಎರಡನೇ ಸ್ಥಾನದಲ್ಲಿದ್ದಾಳೆ, ಇವತ್ತು ಕೊನೇ ದಿನ, ಪದಕ ಬರಬಹುದು ಅಂತ.

ಅಜ್ಜಿ ಕಾಫಿ ತಂದಿಟ್ಟು, "ಎಂಥದೇ ಅದು, ಬೆಳಗ್ಗೆ ಬೆಳಗ್ಗೆ?" ಅಂತ ಬಗ್ಗಿ ನೋಡಿತು. ತೋಟಕ್ಕೆ ಹೋಗಿ ಬಂದ ಅಪ್ಪ ಕಂಬಳಿಕೊಪ್ಪೆ ಕೊಡವಿ ಗೋಡೆಗೆ ನೇತುಹಾಕಿ ಹಿಂದೆ ಬಂದು ನಿಂತ. ಎರಡನೇ ಸಲದ ಔಷಧಿ ಹೊಡೆಯಕ್ಕೆ ಮಳೆ ಬಿಡ್ತಿಲ್ಲ, ಕೊಳೆ ಬಂದ್ರೆ ಅಡಿಕೆ ಪೂರ್ತಿ ನೆಲಕ್ಕೆ ಅನ್ನೋ ಚಿಂತೆ ಅವನಿಗೆ. ಪರದೆ ತುಂಬ ಹಸಿರು ಕಂಡಿದ್ದೇ, "ಇಷ್ಟು ಜಾಗಕ್ಕೆ ಅಡಿಕೆ ಹಾಕಿದ್ರೆ ಎಷ್ಟು ಕ್ವಿಂಟಾಲ್ ಬರ್ತಿತ್ತು ಮಾರಾಯ್ತಿ!" ಅಂದ.

ಅಮ್ಮ ಬಂದವಳು ಬೇರೆಯದನ್ನೇ ನೋಡಿದಳು. "ಆ ಹುಡುಗಿ ಹಿಂದೆ ಅಷ್ಟು ದೊಡ್ಡ ಬ್ಯಾಗು ಹೊತ್ಕೊಂಡು ಹೋಗ್ತಿರೋದು ಯಾರು?"

"ಅವಳ ಅಮ್ಮ."

ಅಮ್ಮ ಅಲ್ಲೇ ಕೂತಳು. ಆಮೇಲೆ ಏಳಲಿಲ್ಲ.

ಒಂದು ವಿಷಯ ಹೇಳದೆ ಮುಂದಕ್ಕೆ ಹೋಗೋ ಹಾಗಿಲ್ಲ. ಆವತ್ತಿಗೆ ನನ್ನ ಕೆಲಸ ಹೋಗಿ ಎರಡು ತಿಂಗಳಾಗಿತ್ತು. ಹದಿನೈದು ನಿಮಿಷದ ಒಂದು ವಿಡಿಯೋ ಕಾಲ್, ಒಂದು ಮೇಲ್, ಮುಗೀತು. ಮನೆಯಲ್ಲಿ ಹೇಳಿರಲಿಲ್ಲ. ಹೇಗೂ ಎಲ್ಲರೂ ಊರಿಂದಲೇ ಕೆಲಸ ಮಾಡ್ತಿದ್ದ ಕಾಲ. ದಿನಾ ಒಂಬತ್ತೂವರೆಗೆ ಲ್ಯಾಪ್‌ಟಾಪ್ ತೆಗೀತಿದ್ದೆ, ಆರು ಗಂಟೆಗೆ ಮುಚ್ಚುತ್ತಿದ್ದೆ. ನಡುವೆ ಅರ್ಜಿ ಹಾಕೋದು, ಉತ್ತರ ಬಂತಾ ಅಂತ ನೋಡೋದು, ಮತ್ತೆ ಅರ್ಜಿ ಹಾಕೋದು. ಶನಿವಾರ ಅಂದ್ರೆ ನಿಜಕ್ಕೂ ರಜೆ, ಯಾರ ಮುಂದೆಯೂ ನಾಟಕ ಆಡಬೇಕಿಲ್ಲ. ಅದಕ್ಕೇ ಅಷ್ಟು ನೆಮ್ಮದಿಯಾಗಿ ಗಾಲ್ಫ್ ನೋಡ್ತಿದ್ದೆ.

ಆಟ ಗೊತ್ತಿಲ್ಲದವರಿಗೆ ಒಂದೆರಡು ಮಾತು, ನನಗೂ ಆವತ್ತೇ ಅರ್ಥವಾಗಿದ್ದು. ಒಂದು ಸುತ್ತಿಗೆ 18 ಕುಳಿ. ಪ್ರತಿ ಕುಳಿಗೂ ಇಷ್ಟು ಹೊಡೆತದಲ್ಲಿ ಚೆಂಡು ಒಳಗೆ ಹೋಗಬೇಕು ಅನ್ನೋ ಲೆಕ್ಕ ಇರುತ್ತೆ, ಅದು 'ಪಾರ್'. ಅದಕ್ಕಿಂತ ಒಂದು ಕಡಿಮೆ ಹೊಡೆತದಲ್ಲಿ ಮುಗಿಸಿದರೆ 'ಬರ್ಡಿ'. ಒಟ್ಟು ಹೊಡೆತ ಯಾರದ್ದು ಕಡಿಮೆಯೋ ಅವರು ಗೆದ್ದ ಹಾಗೆ. ಒಲಿಂಪಿಕ್ಸ್‌ನಲ್ಲಿ ನಾಲ್ಕು ದಿನಕ್ಕೆ ನಾಲ್ಕು ಸುತ್ತು. ಅಷ್ಟು ದೂರ ಆಟಗಾರರ ಬ್ಯಾಗು ಹೊತ್ತು, ಗಾಳಿ ಯಾವ ಕಡೆ, ನೆಲ ಎತ್ತ ಇಳಿಜಾರು, ಯಾವ ಕೋಲು ತೆಗೆದುಕೊಳ್ಳೋದು ಅಂತ ಜೊತೆಗೆ ಯೋಚನೆ ಮಾಡೋರು ಕ್ಯಾಡಿ.

ಅದಿತಿ ಹುಟ್ಟಿದ್ದು 1998ರ ಮಾರ್ಚ್ 29ರಂದು, ಬೆಂಗಳೂರಿನಲ್ಲಿ. ಮನೆಯಲ್ಲಿ ಗಾಲ್ಫ್ ಆಡುವವರು ಯಾರೂ ಇರಲಿಲ್ಲ. ಅಪ್ಪ ಅಮ್ಮನ ಜೊತೆ ತಿಂಡಿಗೆ ಹೋಗ್ತಿದ್ದ ಹೋಟೆಲಿನಿಂದ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಮೈದಾನ ಕಾಣ್ತಿತ್ತಂತೆ. ಐದು ವರ್ಷದ ಮಗು ಅದನ್ನು ನೋಡಿ ನಾನೂ ಆಡ್ತೀನಿ ಅಂದಿತು. ಮೂವರೂ ಒಟ್ಟಿಗೇ ಹೋಗಿ ನೋಡಿದರು. ಹಳೇ ಚಲ್ಲಘಟ್ಟ ಕೆರೆಯಿದ್ದ ಜಾಗದಲ್ಲಿ ಎದ್ದ ಮೈದಾನ ಅದು. ಬೇಲಿಯ ಹೊರಗೆ ನಿಂತು ನಾನು ಬೈಕೊಳ್ಳುತ್ತಿದ್ದುದೂ ಅದೇ ಮೈದಾನ.

2015ರಲ್ಲಿ ಬ್ರಿಟನ್ನಿನ ಮಹಿಳಾ ಹವ್ಯಾಸಿ ಸ್ಟ್ರೋಕ್ ಪ್ಲೇ ಪ್ರಶಸ್ತಿ ಗೆದ್ದರು. ಅದೇ ವರ್ಷ ಡಿಸೆಂಬರಿನಲ್ಲಿ ಮೊರಾಕ್ಕೊದಲ್ಲಿ ಯುರೋಪಿನ ಮಹಿಳಾ ಟೂರಿಗೆ ಆಯ್ಕೆ ಮಾಡುವ ಸ್ಪರ್ಧೆಯಲ್ಲಿ ಮೊದಲ ಸ್ಥಾನ. ಆಗ ವಯಸ್ಸು 17. 2016ರ ಜನವರಿಯಲ್ಲಿ ವೃತ್ತಿಪರ ಆಟಗಾರ್ತಿಯಾದರು, ಆ ವರ್ಷವೇ ಶಾಲೆಯನ್ನೂ ಮುಗಿಸಿದರು. ಆಗಸ್ಟಿನಲ್ಲಿ ರಿಯೋ ಒಲಿಂಪಿಕ್ಸ್. ಅಲ್ಲಿ ಬ್ಯಾಗು ಹೊತ್ತಿದ್ದು ಅಪ್ಪ. 41ನೇ ಸ್ಥಾನ ಬಂತು. ನವೆಂಬರಿನಲ್ಲಿ ಗುರುಗ್ರಾಮದಲ್ಲಿ ನಡೆದ ಮಹಿಳಾ ಇಂಡಿಯನ್ ಓಪನ್ ಅನ್ನು ಒಂದೇ ಒಂದು ಹೊಡೆತದ ಅಂತರದಲ್ಲಿ ಗೆದ್ದರು. ಯುರೋಪಿಯನ್ ಟೂರಿನ ಪ್ರಶಸ್ತಿ ಗೆದ್ದ ಮೊದಲ ಭಾರತೀಯ ಮಹಿಳೆ. ಎರಡು ವಾರಕ್ಕೆ ಕತಾರಿನಲ್ಲಿ ಮತ್ತೊಂದು ಗೆಲುವು. 2017ರಲ್ಲಿ ಅಬುಧಾಬಿಯಲ್ಲಿ ಮೂರನೆಯದು.

ಆಮೇಲೆ ಗೆಲುವು ನಿಂತುಹೋಯಿತು. ಟೋಕಿಯೋಗೆ ಹೋದಾಗ ವಿಶ್ವ ರ‍್ಯಾಂಕಿಂಗ್ 200. ಕೆಲವೇ ವಾರ ಮುಂಚೆ ಕೋವಿಡ್ ಬಂದುಹೋಗಿತ್ತು. ಮೈಯಲ್ಲಿ ಶಕ್ತಿ ಕಡಿಮೆಯಾಗಿ ಚೆಂಡು ಮೊದಲಿನಷ್ಟು ದೂರ ಹೋಗ್ತಿರಲಿಲ್ಲ. ಜೊತೆಗೆ ಆಡುತ್ತಿದ್ದ ಅಮೆರಿಕದ ನೆಲ್ಲಿ ಕೋರ್ಡಾ ಜಗತ್ತಿನ ನಂಬರ್ ಒನ್. ಅವರ ಚೆಂಡು ಎಲ್ಲೋ ಮುಂದೆ ಹೋಗಿ ಬೀಳೋದು, ಇವರದ್ದು ತುಂಬ ಹಿಂದೆ. ಆದರೆ ಕುಳಿಯ ಹತ್ತಿರ ಬಂದಮೇಲೆ ಇವರ ಕೈ ಎಂಥ ಕೈ ಅಂತೀರಿ! ಅಷ್ಟು ದೂರದಿಂದ ಮೆಲ್ಲಗೆ ತಳ್ಳಿದ್ದು ಹಾವಿನ ಹಾಗೆ ಹೊರಳಿ ಕುಳಿಗೇ ಇಳಿಯೋದು. ಆ ತಳ್ಳುವ ಹೊಡೆತಕ್ಕೆ 'ಪಟ್' ಅಂತಾರೆ. "ದೂರ ಹೊಡೆಯೋರು ಸುಮಾರು ಜನ ಇದ್ದಾರೆ ಬಿಡು. ಇವಳು ಕೊನೆಗೆ ಕೆಡಿಸಿಕೊಳ್ಳಲ್ಲ ನೋಡು" ಅಂದ ಅಪ್ಪ, ಅರ್ಧ ಗಂಟೆಯಲ್ಲೇ ಪಂಡಿತನಾಗಿ.

ಇನ್ನೆರಡು ಕುಳಿ ಬಾಕಿ ಇದ್ದಾಗ ಅಲ್ಲೂ ಸಿಡಿಲು ಮಳೆ. ಆಟ ನಿಂತಿತು. ಟೋಕಿಯೋದಲ್ಲೂ ಮಳೆ, ಶೆಟ್ಟಿಕೊಪ್ಪದಲ್ಲೂ ಮಳೆ. ಅಜ್ಜಿ ದೇವರ ಮನೆಗೆ ಹೋಗಿ ದೀಪ ಹಚ್ಚಿ ಬಂತು. ನನ್ನ ಫೋನಿನ ಬ್ಯಾಟರಿ 19 ಪರ್ಸೆಂಟ್.

ಸುಮಾರು ಮುಕ್ಕಾಲು ಗಂಟೆ ಬಿಟ್ಟು ಮತ್ತೆ ಶುರುವಾಯಿತು. ಕೊನೇ ಕುಳಿ. ಆ ಪಟ್ ಒಳಗೆ ಹೋದರೆ ಪದಕದ ಪೈಪೋಟಿಯಲ್ಲಿ ಉಳೀತಾರೆ. ಹೋಗಲಿಲ್ಲ. ನಾಲ್ಕು ದಿನಕ್ಕೆ ಒಟ್ಟು 269 ಹೊಡೆತ, ಪಾರ್‌ಗಿಂತ 15 ಕಡಿಮೆ. ಕೋರ್ಡಾ 267, ಚಿನ್ನ. ಜಪಾನಿನ ಮೊನೆ ಇನಾಮಿ, ನ್ಯೂಜಿಲೆಂಡಿನ ಲಿಡಿಯಾ ಕೊ ಇಬ್ಬರೂ 268. ಒಂದೇ ಹೊಡೆತಕ್ಕೆ ಅದಿತಿ ನಾಲ್ಕನೆಯವರು.

ಜಗಲಿಯಲ್ಲಿ ಯಾರೂ ಮಾತಾಡಲಿಲ್ಲ. ಅಜ್ಜಿ ಮಾತ್ರ, "ನಾಕನೇದಕ್ಕೆ ಎಂಥದೂ ಕೊಡೂದಿಲ್ವನಾ?" ಅಂತು. ಇಲ್ಲ ಅಜ್ಜಿ, ಎಂಥದೂ ಇಲ್ಲ. ಆವತ್ತು ಸಂಜೆ ನೀರಜ್ ಚೋಪ್ರಾ ಜಾವೆಲಿನ್‌ನಲ್ಲಿ ಚಿನ್ನ ಗೆದ್ದರು. ಬೆಳಗಿನ ನಾಲ್ಕನೇ ಸ್ಥಾನ ಎಲ್ಲರ ಸ್ಟೇಟಸ್ಸಿಂದಲೂ ಮಾಯವಾಯಿತು.

ನನ್ನ ತಲೆಯಿಂದ ಹೋಗಲಿಲ್ಲ. ಮುಂದಿನ ದಿನಗಳಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು 'ಕೆಲಸ' ಮಾಡುವಾಗ ಗಾಲ್ಫಿನ ಬಗ್ಗೆ ಓದತೊಡಗಿದೆ. ಶ್ರೀಮಂತರ ಆಟ ಅಂದುಕೊಂಡಿದ್ದೆ. ಅದನ್ನು ಹೊಟ್ಟೆಪಾಡಿಗೆ ಆಡಿದ ಮೊದಲ ಚಾಂಪಿಯನ್ನರ ಕತೆ ಓದಿದರೆ ಬೇರೆಯೇ ಇದೆ.

ನಮ್ಮ ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾಗಿದ್ದು 1876ರಲ್ಲಿ. ಅದರ ಮರುವರ್ಷ, ಇಂಗ್ಲಿಷ್ ಕಾಲುವೆಯ ಜರ್ಸಿ ಅನ್ನೋ ಪುಟ್ಟ ದ್ವೀಪದ ಗ್ರೂವಿಲ್ ಹಳ್ಳಿಗೆ ಕೆಲವು ದೊರೆಗಳು ಬಂದು, ಊರ ಗೋಮಾಳದಂಥ ಜಾಗದಲ್ಲಿ ಗಾಲ್ಫ್ ಮೈದಾನ ಮಾಡಿದರು. ಊರ ಹುಡುಗರು ಅವರ ಬ್ಯಾಗು ಹೊರೋಕೆ ಹೋದರು. ಅವರಲ್ಲೊಬ್ಬ ಮಾಲಿಯ ಮಗ, ಏಳು ವರ್ಷದ ಹ್ಯಾರಿ ವಾರ್ಡನ್. ಹುಡುಗರ ಹತ್ತಿರ ಕೋಲೂ ಇಲ್ಲ, ಚೆಂಡೂ ಇಲ್ಲ. ಮರದ ಕೊಂಬೆ ಕಡಿದು ಕೋಲು ಮಾಡಿಕೊಂಡರು, ದೊಡ್ಡ ಗೋಲಿಯೇ ಚೆಂಡು. ನಾವು ಚಿನ್ನಿದಾಂಡಿಗೆ ಬೇಲಿಯ ಗೂಟ ಕಿತ್ತ ಹಾಗೇ.

ಆ ಹ್ಯಾರಿ ಮುಂದೆ ಅಪ್ಪನ ಹಾಗೇ ಮಾಲಿಯಾದ, ಆಮೇಲೆ ಗಾಲ್ಫನ್ನೇ ಕಸುಬು ಮಾಡಿಕೊಂಡ. 1896ರಲ್ಲಿ ಬ್ರಿಟಿಷ್ ಓಪನ್ ಗೆದ್ದ. ಮತ್ತೆ 1898, 1899, 1903, 1911, 1914. ಒಟ್ಟು ಆರು ಸಲ. ಇವತ್ತಿಗೂ ಅಷ್ಟು ಸಲ ಗೆದ್ದವರು ಇನ್ನೊಬ್ಬರಿಲ್ಲ. 1900ರಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿನ ಓಪನ್ ಕೂಡ ಗೆದ್ದ. ಇವತ್ತು ಹೆಚ್ಚಿನ ಆಟಗಾರರು ಕೋಲು ಹಿಡಿಯುವಾಗ ಒಂದು ಕೈಯ ಕಿರುಬೆರಳನ್ನು ಇನ್ನೊಂದು ಕೈಯ ಬೆರಳ ಮೇಲೆ ಇಡ್ತಾರಲ್ಲ, ಅದಕ್ಕೆ ಅವನ ಹೆಸರೇ ಇದೆ.

1903ರ ಹೊತ್ತಿಗೆ ಅವನಿಗೆ ಕ್ಷಯ ರೋಗ. ಔಷಧಿ ಇಲ್ಲದ ಕಾಲ. ಆ ವರ್ಷದ ಓಪನ್ ಗೆದ್ದಿದ್ದೇ ಕಷ್ಟದಲ್ಲಿ, ಆಮೇಲೆ ಆರೋಗ್ಯಧಾಮ ಸೇರಿದ. ವಾಪಸ್ ಬಂದಮೇಲೆ ಅವನ ಬಲಗೈ ಹತ್ತಿರದ ಪಟ್ ಹೊಡೆಯುವಾಗ ಅದುರುತ್ತಿತ್ತು. ದೂರದ ಹೊಡೆತ ಅಷ್ಟೇ ಚೆಂದ, ಕುಳಿಯ ಹತ್ತಿರ ಬಂದರೆ ನಡುಕ. ಅಂಥ ಕೈ ಇಟ್ಟುಕೊಂಡೇ ಇನ್ನೆರಡು ಸಲ ಗೆದ್ದ. ಮಧ್ಯೆ ಎಂಟು ವರ್ಷದ ಅಂತರ ಇದೆ. 1903 ಆದಮೇಲೆ 1911 ಅಂತ ಬರೆಯೋದು ಸುಲಭ. ನಡುವಿನ ಒಂದೊಂದು ವರ್ಷವೂ ಎದ್ದು ಕೋಲು ಹಿಡಿದು ಹೋಗಬೇಕಲ್ಲ.

ಇಷ್ಟೆಲ್ಲ ಗೆದ್ದರೂ ಆ ಕಾಲದ ವೃತ್ತಿಪರ ಆಟಗಾರರಿಗೆ ಕ್ಲಬ್ಬಿನ ಮನೆಯೊಳಗೆ ಪ್ರವೇಶ ಇರಲಿಲ್ಲ. ಕಲಿಸಬೇಕು, ಕೋಲು ರಿಪೇರಿ ಮಾಡಬೇಕು, ಪಂದ್ಯ ಆಡಿ ತೋರಿಸಬೇಕು, ಬಟ್ಟೆ ಬದಲಿಸೋಕೆ ಮಾತ್ರ ಹೊರಗಿನ ಕೊಠಡಿ. ಸಂಬಳಕ್ಕೆ ಆಡೋರು ಆಳುಗಳು, ಸುಮ್ಮನೆ ಆಡೋರು ದೊಡ್ಡವರು. 1920ರಲ್ಲಿ ಇಂಗ್ಲೆಂಡಿನ ಡೀಲ್‌ನಲ್ಲಿ ಓಪನ್ ನಡೆದಾಗ ಅಮೆರಿಕದ ವಾಲ್ಟರ್ ಹೇಗನ್ ಇದಕ್ಕೆ ಒಂದು ಉಪಾಯ ಮಾಡಿದ. ದೊಡ್ಡ ಕಾರು, ಡ್ರೈವರ್ ಬಾಡಿಗೆಗೆ ತಗೊಂಡು ಕ್ಲಬ್ ಬಾಗಿಲ ಎದುರಿಗೇ ನಿಲ್ಲಿಸಿ, ಅದರೊಳಗೇ ಬಟ್ಟೆ ಬದಲಿಸಿದ. ಆಟದಲ್ಲಿ ಅವನು ತುಂಬ ಹಿಂದೆ ಉಳಿದ, ಆದರೆ ಆ ಕಾರನ್ನು ಇವತ್ತೂ ಜನ ನೆನೆಸಿಕೊಳ್ತಾರೆ. ಅದೇ ಆಗಸ್ಟಿನಲ್ಲಿ ಅಮೆರಿಕದ ಇನ್ವರ್ನೆಸ್ ಕ್ಲಬ್ಬಿನವರು ವೃತ್ತಿಪರರಿಗೆಲ್ಲ ಬಾಗಿಲು ತೆರೆದರು. ಆಟಗಾರರು ದುಡ್ಡು ಸೇರಿಸಿ ಕ್ಲಬ್ಬಿಗೆ ಒಂದು ದೊಡ್ಡ ನಿಲುವು ಗಡಿಯಾರ ಕೊಟ್ಟರು.

ಆ ಪಂದ್ಯದಲ್ಲಿ ವಾರ್ಡನ್ನೂ ಆಡಿದ್ದ. ವಯಸ್ಸು 50. ಇನ್ನು ಏಳು ಕುಳಿ ಇದೆ ಅನ್ನುವಾಗ ಅವನೇ ಮುಂದೆ. ಅಷ್ಟರಲ್ಲಿ ಜೋರು ಗಾಳಿ ಎದ್ದಿತು, ಕೈ ಸೋತಿತು. ಒಂದೇ ಹೊಡೆತದಲ್ಲಿ ಕಳೆದುಕೊಂಡ. ಗೆದ್ದವನು ಅದೇ ಜರ್ಸಿ ದ್ವೀಪದ ಟೆಡ್ ರೇ.

ಇದನ್ನು ಓದಿದಾಗ ನಾನು ಕೂತಿದ್ದುದು ನಮ್ಮನೆ ಜಗಲಿಯಲ್ಲೇ. ನಾನು ಚಿಕ್ಕವಳಿದ್ದಾಗ ಅಡಿಕೆ ಕೊನೆ ತೆಗೆಯೋಕೆ ಬರುತ್ತಿದ್ದ ಕೊನೆಗಾರನಿಗೆ ಊಟ ಬಡಿಸುತ್ತಿದ್ದುದು ಇದೇ ಜಗಲಿಯಲ್ಲಿ, ಬಾಳೆಲೆ ಹಾಕಿ. ಮರದಿಂದ ಮರಕ್ಕೆ ಮೇಲಿಂದಲೇ ದಾಟುತ್ತಿದ್ದ ಮನುಷ್ಯ. ಊರಲ್ಲಿ ಅವನಷ್ಟು ನಾಜೂಕು ಕಸುಬು ಇನ್ಯಾರಿಗೂ ಗೊತ್ತಿರಲಿಲ್ಲ. ಅವನು ಬರದಿದ್ದರೆ ನಮ್ಮ ವರ್ಷದ ದುಡಿಮೆ ಮರದ ಮೇಲೇ. ಆದರೂ ಒಳಗೆ ಬಾ ಅಂತ ಯಾರೂ ಅಂದಿದ್ದು ನೆನಪಿಲ್ಲ. ನಾನೂ ಕೇಳಿದ್ದಿಲ್ಲ. ಇಂಗ್ಲೆಂಡಿನ ಕ್ಲಬ್ಬನ್ನು ಬೈಯೋಕೆ ಬಾಯಿ ತೆರೆದವಳು ಸುಮ್ಮನಾದೆ.

ನಮ್ಮ ದೇಶದಲ್ಲೂ ಈ ಕತೆ ಹೆಚ್ಚು ಬೇರೆ ಇಲ್ಲ. ಇಂಡಿಯನ್ ಓಪನ್ ಶುರುವಾಗಿದ್ದು 1964ರಲ್ಲಿ. ಅದನ್ನು ಗೆದ್ದ ಮೊದಲ ಭಾರತೀಯ ವೃತ್ತಿಪರ ಆಟಗಾರ ದೆಹಲಿಯಲ್ಲಿ ಕ್ಯಾಡಿಯಾಗಿದ್ದ ಅಲಿ ಶೇರ್, 1991ರಲ್ಲಿ. 2009ರ ಅಕ್ಟೋಬರಿನಲ್ಲಿ ಗೆದ್ದವರು ನಮ್ಮ ಬೆಂಗಳೂರಿನ ಸಿ. ಮುನಿಯಪ್ಪ. ಅವರೂ ಹುಡುಗನಾಗಿದ್ದಾಗ ಕ್ಯಾಡಿ. ಬೇರೆಯವರ ಬ್ಯಾಗು ಹೊತ್ತು, ನೋಡಿ ನೋಡಿಯೇ ಆಟ ಕಲಿತವರು. ಗುರುಗ್ರಾಮದ ಆ ಪಂದ್ಯದಲ್ಲಿ ಕೊರಿಯಾದ ಲೀ ಸುಂಗ್ ಜೊತೆ ಸಮ ಆಗಿ, ಪ್ಲೇಆಫ್‌ನಲ್ಲಿ ಗೆದ್ದರು. ನೋಡಿ, ನಮ್ಮಲ್ಲಿ ಎಷ್ಟು ಜನಕ್ಕೆ ಈ ಹೆಸರು ಗೊತ್ತಿದೆ? ಬೆಂಗಳೂರಲ್ಲೇ ಇದ್ದ ನನಗೆ ಗೊತ್ತಿರಲಿಲ್ಲ.

ಸರಿ, ಮತ್ತೆ ಆ ಶನಿವಾರಕ್ಕೆ ಬರ್ತೀನಿ. ಆಟ ಮುಗಿದು ಅಮ್ಮ, ಅಜ್ಜಿ ಒಳಗೆ ಹೋದರು. ಫೋನ್ ಆರಿಹೋಗಿತ್ತು. ಅಪ್ಪ ಅಲ್ಲೇ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ. ನನ್ನ ಕಡೆ ನೋಡದೇ ಕೇಳಿದ.

"ಕೆಲಸ ಬಿಟ್ಟಿದ್ದಾ, ಅವರೇ ತೆಗೆದಿದ್ದಾ?"

ನನಗೆ ಬಾಯಿ ಬರಲಿಲ್ಲ.

"ಮೊದಲೆಲ್ಲ ಕರೆಂಟ್ ಹೋದ್ರೆ ಮನೆ ಮೇಲೆ ಕೆಳಗೆ ಮಾಡ್ತಿದ್ದೆ. ಮೊನ್ನೆ ಮೂರು ದಿನ ಇರಲಿಲ್ಲ, ಲ್ಯಾಪ್‌ಟಾಪ್ ಸತ್ತೋಗಿತ್ತು. ನೀನು ಅದನ್ನೇ ತೆಗೆದು ಇಟ್ಕೊಂಡು ಕೂತಿದ್ದೆ. ಎರಡು ತಿಂಗಳಿಂದ ಫೋನಲ್ಲಿ ಒಂದು ಸಲವೂ ಇಂಗ್ಲಿಷಲ್ಲಿ ಜಗಳ ಆಡಿಲ್ಲ."

"ಅವರೇ ತೆಗೆದಿದ್ದು" ಅಂದೆ. ಅಳು ಬಂತು. "ಗೊತ್ತಿದ್ರೂ ಯಾಕೆ ಕೇಳಿಲ್ಲ?"

"ನೀನು ಹೇಳ್ತೀಯೇನೋ ಅಂತ ಕಾದೆ." ಎಲೆ ಮಡಚಿ ಬಾಯಿಗಿಟ್ಟುಕೊಂಡ. ಸ್ವಲ್ಪ ಹೊತ್ತು ಬಿಟ್ಟು, "ಇವತ್ತು ಆ ಅಮ್ಮನ್ನ ನೋಡಿ ಕೇಳಬೇಕು ಅನ್ನಿಸ್ತು. ಮಗಳು ಹೊಡೆದಿದ್ದು ತಪ್ಪಿದ್ರೂ ಆ ತಾಯಿಗೆ ಗೊತ್ತಿರುತ್ತಲ್ಲ, ಪಕ್ಕದಲ್ಲೇ ಇರ್ತಾಳೆ. ನಾವು ಎಂಥದೂ ಗೊತ್ತಿಲ್ಲದೆ ಮನೆ ತುಂಬ ಓಡಾಡ್ತಿದ್ವಿ. ಅದು ಸರಿ ಅನ್ನಿಸಲಿಲ್ಲ" ಅಂದ.

ಅಮ್ಮನಿಗೂ ಗೊತ್ತಿತ್ತಂತೆ. ಅಜ್ಜಿಗೆ ಮಾತ್ರ ಗೊತ್ತಿರಲಿಲ್ಲ. ಗೊತ್ತಾದಮೇಲೆ ಅದು, "ಹೋದ್ರೆ ಹೋಗ್ಲಿ, ಹೊಟ್ಟೆಗೆ ಇಲ್ಲಿ ಕಡಿಮೆಯಾ?" ಅಂದು ದೋಸೆಗೆ ಹಿಟ್ಟು ರುಬ್ಬೋಕೆ ಹೋಯಿತು.

ಆವತ್ತಿನಿಂದ ಕೆಲಸ ಸಿಗೋದೇನೂ ಬೇಗ ಆಗಲಿಲ್ಲ. ಇನ್ನೂ ನಾಲ್ಕು ತಿಂಗಳು ಹಿಡಿಯಿತು. ಸಿಕ್ಕಿದ್ದು ಮೊದಲಿಗಿಂತ ಕಡಿಮೆ ಸಂಬಳದ್ದು. ಆದರೆ ಅಷ್ಟು ದಿನ ಲ್ಯಾಪ್‌ಟಾಪ್ ಮುಂದೆ ಸುಮ್ಮನೆ ಕೂರಬೇಕಾಗಲಿಲ್ಲ. ಇಂಟರ್‌ವ್ಯೂ ಇದ್ದಾಗ ಅಪ್ಪ ನೆಟ್‌ವರ್ಕ್ ಮೂಲೆ ಗುಡಿಸಿ ಕುರ್ಚಿ ಹಾಕಿಡ್ತಿದ್ದ. ಅಜ್ಜಿ ಆ ಒಂದು ಗಂಟೆ ಕೆಮ್ಮೋದನ್ನೂ ತಡೆದುಕೊಳ್ತಿತ್ತು. ಡಿಸೆಂಬರಿನಲ್ಲಿ ಬೆಂಗಳೂರಿಗೆ ಹೊರಟಾಗ ಬಸ್ಸಿನವರೆಗೆ ನನ್ನ ಬ್ಯಾಗು ಹೊತ್ತಿದ್ದು ಅಪ್ಪ. ನಾನೇ ಹೊತ್ಕೊಳ್ತೀನಿ ಅಂದರೂ ಕೊಡಲಿಲ್ಲ.

ಅದಿತಿಯ ಆಟವನ್ನು ಆಮೇಲೆ ಬಿಡದೇ ನೋಡ್ತಾ ಬಂದೆ. 2023ರ ಫೆಬ್ರವರಿಯಲ್ಲಿ ಕೀನ್ಯಾದಲ್ಲಿ ಒಂಬತ್ತು ಹೊಡೆತಗಳ ಅಂತರದಲ್ಲಿ ಗೆದ್ದರು. 2017ರ ನಂತರ ಐದು ವರ್ಷ ದಾಟಿ ಬಂದ ಗೆಲುವು. ಅದೇ ವರ್ಷ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಕೊನೇ ದಿನ ಏಳು ಹೊಡೆತ ಮುಂದಿದ್ದರು. ಚಿನ್ನ ಕೈಯಲ್ಲೇ ಇದೆ ಅಂದುಕೊಂಡು ನಾನು ಅಪ್ಪನಿಗೆ ಫೋನ್ ಕೂಡ ಮಾಡಿದ್ದೆ. ಆವತ್ತು 77 ಹೊಡೆತ ಆಗಿ ಬೆಳ್ಳಿಗೆ ಇಳಿದರು. ಅದೂ ಏಷ್ಯನ್ ಗೇಮ್ಸ್ ಗಾಲ್ಫಿನಲ್ಲಿ ಭಾರತದ ಮಹಿಳೆಗೆ ಬಂದ ಮೊದಲ ಪದಕ. ಎರಡು ತಿಂಗಳೊಳಗೆ ಸ್ಪೇನಿನಲ್ಲಿ ಮತ್ತೆ ಗೆದ್ದರು. 2024ರಲ್ಲಿ ಪ್ಯಾರಿಸ್, ಮೂರನೇ ಒಲಿಂಪಿಕ್ಸ್, 29ನೇ ಸ್ಥಾನ.

ಬೆಳ್ಳಿ ಬಂದ ದಿನ ಅಪ್ಪನಿಗೆ ಮತ್ತೆ ಫೋನ್ ಮಾಡಿ ಹೇಳಿದೆ. "ಹೌದಾ, ಕೈ ತಪ್ಪಿತಾ" ಅಂದ. ಆಮೇಲೆ, "ಬ್ಯಾಗು ಯಾರು ಹೊತ್ತಿದ್ರು?" ಅಂತ ಕೇಳಿದ.

ಈಗ ನನ್ನ ಹೊಸ ಆಫೀಸು ಊರಿನ ಇನ್ನೊಂದು ತುದಿಯಲ್ಲಿದೆ. ಆದರೂ ದೊಮ್ಮಲೂರು ಕಡೆ ಹೋದಾಗ ಆ ಬೇಲಿಯ ಹತ್ತಿರ ಬಸ್ಸು ನಿಧಾನ ಆದರೆ ಬೇಜಾರಾಗೋದಿಲ್ಲ. ಒಳಗೆ ಯಾರಾದರೂ ಆಡ್ತಿದ್ದರೆ ಮೊದಲು ಅವರ ಹಿಂದೆ ಬ್ಯಾಗು ಹೊತ್ತು ನಡೆಯೋರನ್ನು ಹುಡುಕ್ತೀನಿ. ಕಳೆದ ವರ್ಷ ಕೊನೆ ಕೊಯ್ಲಿಗೆ ಊರಿಗೆ ಹೋದಾಗ ಹಳೇ ಕೊನೆಗಾರನ ಮಗ ಬಂದಿದ್ದ. ಮಧ್ಯಾಹ್ನ ಊಟಕ್ಕೆ ಅಜ್ಜಿ ಜಗಲಿಗೆ ಎಲೆ ತರೋಕೆ ಹೊರಟಿತು. ನಾನು ಒಳಗೆ, ನಮ್ಮ ಪಕ್ಕ ಹಾಕಜ್ಜಿ ಅಂದೆ. ಅಜ್ಜಿ ನನ್ನನ್ನೊಮ್ಮೆ, ಅಪ್ಪನನ್ನೊಮ್ಮೆ ನೋಡಿತು. ಅಪ್ಪ ಎದ್ದು ಮಣೆ ಹಾಕಿದ.